ಖಾಲಿ ಸಾಲು ಬಂದರೆ ಸರಿಹೋಗುವ ನಂಬರು

ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ ಕ್ರಿ.ಶ. 634ರದು. ಪದ್ಯಗಳು 37, ಕಲ್ಲಿನ ಮೇಲಿನ ಸಾಲು 19 ಮಾತ್ರ. ಒಂದೊಂದು ಸಾಲೂ ಅಷ್ಟು ಉದ್ದ. ಶಾಸನ ಓದುವವರು ಯಾವುದೇ ಪದ ಹೇಳಿದರೂ ಕಲ್ಲಿನ ಎಷ್ಟನೇ ಸಾಲು ಅಂತ ಜೊತೆಗೇ ಹೇಳುತ್ತಾರೆ. ಹಾಗಾಗಿ ಅವರಿಗೆ ನಂಬರು ತಪ್ಪಬಾರದು.

ಬಾಗಲಕೋಟೆ ನವನಗರದಲ್ಲಿ ನಮಗೆ ಪರಿಚಯದ ನಿವೃತ್ತ ಮಾಸ್ತರೊಬ್ಬರಿದ್ದಾರೆ. ಜಿಲ್ಲೆಯ ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಇಳಿಸುವುದು ಅವರ ಹವ್ಯಾಸ. ಅದಕ್ಕೆಂದೇ ಅವರ ತಂಗಿಯ ಮಗ ಪೈಥಾನ್‌ನ ಟಿಕೆ-ಇಂಟರ್ (ಪರದೆಯ ಮೇಲೆ ಕಿಟಕಿ, ಬಟನ್ ಮಾಡಿಕೊಡುವ ‘ಟಿಕೆ’ ಅನ್ನುವ ಸಲಕರಣೆಯನ್ನು ಪೈಥಾನಿನಿಂದ ಬಳಸುವ ದಾರಿ) ಬಳಸಿ, ಪ್ರತಿ ಸಾಲಿನ ಪಕ್ಕ ಅದರ ನಂಬರು ತೋರಿಸುವ ಒಂದು ಸಣ್ಣ ಎಡಿಟರ್ ಬರೆದುಕೊಟ್ಟು, ನೌಕರಿಗೆಂದು ಬೆಂಗಳೂರು ಸೇರಿದ. ಒಂದು ಭಾನುವಾರ ಮಾಸ್ತರು ನನ್ನನ್ನು ಕರೆದರು.

“ಮ್ಯಾಲಿದ್ದಾಗ ಎಲ್ಲಾ ಛಲೋ ಐತಿ. ಕೆಳಗ ಸರಿಸಿದೆ ಅಂದ್ರ ನಂಬರ್ ಸಾಲಿನ ನಡುವ ಬಂದು ನಿಂದರ್ತಾವ ನೋಡಪಾ.”

ನಿಜವೇ. ಅವರು ಅಕ್ಷರ ದೊಡ್ಡದು ಮಾಡಿಕೊಂಡಿದ್ದರಿಂದ ಶಾಸನದ ಒಂದು ಸಾಲು ಪರದೆಯ ಮೇಲೆ ಮೂರ್ನಾಲ್ಕು ಸಾಲಾಗಿ ಮಡಚಿಕೊಳ್ಳುತ್ತಿತ್ತು. 8 ಅನ್ನುವ ನಂಬರು ಎಂಟನೇ ಸಾಲಿನ ಮೊದಲ ಮಡಿಕೆಯ ಪಕ್ಕ ಇರಬೇಕು. ಅದು ಎರಡನೇ ಮಡಿಕೆಯ ಪಕ್ಕ ಕೂತಿತ್ತು.

“ಕನ್ನಡ ಫಾಂಟಿಂದs ಇರಬೇಕು” ಅಂದರು ಮಾಸ್ತರು. ಕಂಪ್ಯೂಟರಿನಲ್ಲಿ ಏನು ಕೆಟ್ಟರೂ ಫಾಂಟಿನ ತಲೆಗೆ ಕಟ್ಟುವುದು ನಮಗೆಲ್ಲ ರೂಢಿ ಅಲ್ವಾ. ಸುಮ್ನೆ ಉದ್ದುದ್ದ ಇಂಗ್ಲಿಷ್ ಸಾಲು ತುಂಬಿಸಿ ನೋಡಿದೆ. ಅಲ್ಲೂ ಅದೇ ಕಥೆ. ಫಾಂಟು ಪಾರಾಯಿತು.

ಸುಳಿವು ಸಿಕ್ಕಿದ್ದು ಬೇರೆ ಕಡೆ. ಶಾಸನ ಮುಗಿದ ಮೇಲೆ ಒಂದು ಸಾಲು ಖಾಲಿ ಬಿಟ್ಟು ಮಾಸ್ತರು ತಮ್ಮ ಟಿಪ್ಪಣಿ ಬರೆದಿದ್ದರು. ಅವೂ ಉದ್ದ ಸಾಲುಗಳೇ. ಆದರೆ ಅಲ್ಲಿ ನಂಬರೆಲ್ಲ ಸರಿಯಾಗಿದ್ದವು! ಶಾಸನದ ನಡುವೆ ಎಂಟರ್ ಒತ್ತಿ ಒಂದು ಖಾಲಿ ಸಾಲು ಮಾಡಿದೆ. ಅದರ ಕೆಳಗಿನ ನಂಬರೆಲ್ಲ ತಮ್ಮ ಜಾಗಕ್ಕೆ ಬಂದವು. ಅಳಿಸಿದೆ, ಮತ್ತೆ ಕೆಟ್ಟವು. ಇದು ಸಿಕ್ಕ ಮೇಲೆ ನನಗೆ ಚಹಾದ ಕಡೆ ಗಮನವೇ ಇರಲಿಲ್ಲ.

ಕೋಡ್ ತೆಗೆದೆ. ಪರದೆಯ ಮೇಲ್ತುದಿಯಲ್ಲಿ ಯಾವ ಅಕ್ಷರ ಇದೆ ಅಂತ ಕೇಳಿ, ಅಲ್ಲಿಂದ ‘ಪ್ಲಸ್ ಒನ್ ಲೈನ್’ ಅನ್ನುತ್ತ ಒಂದೊಂದೇ ಸಾಲು ಇಳಿದು ನಂಬರು ಬರೆಯುವ ಲೂಪ್ ಅದು. ಟಿಕೆಯಲ್ಲಿ ಹೀಗೆ ಇಳಿದರೆ ಸಾಲು ಬದಲಾಗುತ್ತದೆ, ಸಾಲಿನೊಳಗಿನ ಅಕ್ಷರದ ಸ್ಥಾನ ಹಾಗೇ ಉಳಿಯುತ್ತದೆ. ತುದಿಯಲ್ಲಿರುವುದು ಏಳನೇ ಸಾಲಿನ 60ನೇ ಅಕ್ಷರ ಆಗಿದ್ದರೆ ಮುಂದಿನದು ಎಂಟನೇ ಸಾಲಿನ 60ನೇ ಅಕ್ಷರ. ಅದು ಇರುವುದು ಎರಡನೇ ಮಡಿಕೆಯಲ್ಲಿ. ನಂಬರೂ ಅಲ್ಲೇ ಬೀಳುತ್ತದೆ. ಖಾಲಿ ಸಾಲು ಸಿಕ್ಕರೆ 60 ಅನ್ನುವುದು ಸೊನ್ನೆಗೆ ಇಳಿಯುತ್ತದೆ, ಅಲ್ಲಿಂದ ಮುಂದೆ ಸೊನ್ನೆಯೇ. ಕನ್ನಡದಲ್ಲಿ ಈ ಸ್ಥಾನದ ಲೆಕ್ಕ ಬೇಗ ಬೆಳೆಯುತ್ತದೆ ಅನ್ನುವುದೂ ನಿಜ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯುನಿಕೋಡ್‌ನಲ್ಲಿ ಆರು.

‘ಲೈನ್‌ಸ್ಟಾರ್ಟ್’ ಅಂತ ಒಂದು ಪದ ಸೇರಿಸಿದೆ. ಎಲ್ಲಿದ್ದರೂ ಆ ಸಾಲಿನ ತಲೆಗೆ ಹೋಗು ಅಂತ ಅದರ ಅರ್ಥ. ತಕ್ಷಣ ಎಲ್ಲ ನಂಬರೂ ಮಾಯ. ಏಳನೇ ಸಾಲಿನ ತಲೆ ಪರದೆಯ ಮೇಲೆಲ್ಲೋ ಹೋಗಿರುತ್ತದೆ. ಕಾಣದ ಜಾಗದ ಅಳತೆ ಕೇಳಿದರೆ ಟಿಕೆ ಏನೂ ಕೊಡುವುದಿಲ್ಲ. ಅಳತೆ ಸಿಗದಿದ್ದರೆ ನಿಲ್ಲು ಅಂತ ಲೂಪಿನಲ್ಲಿತ್ತು, ಅದು ಮೊದಲ ಹೆಜ್ಜೆಗೇ ನಿಂತಿತು. ಮೊದಲ ಸಾಲಿಗೆ ಮಾತ್ರ ನಿಲ್ಲದೆ ದಾಟಿ ಹೋಗುವಂತೆ ಮಾಡಿದೆ. ತಲೆ ಕಾಣದ ಸಾಲಿಗೆ ನಂಬರು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಂಬರುಗಳು ಸಣ್ಣ ಅಕ್ಷರದಲ್ಲಿದ್ದು ಸ್ವಲ್ಪ ಮೇಲೆ ತೇಲುತ್ತಿದ್ದವು. ಟಿಕೆ ಸಾಲಿನ ಎತ್ತರದ ಜೊತೆ ಬೇಸ್‌ಲೈನ್ (ಅಕ್ಷರ ಕೂರುವ ಗೆರೆ) ಎಲ್ಲಿದೆ ಅಂತಲೂ ಕೊಡುತ್ತದೆ. ಅದಕ್ಕೆ ಹೊಂದಿಸಿದೆ, ಕೂತವು.

ಮಾಸ್ತರು ಹತ್ತೊಂಬತ್ತೂ ಸಾಲು ಮೇಲೆ ಕೆಳಗೆ ಓಡಿಸಿ ನೋಡಿದರು. “ಹಂಗs ಪದ್ಯದ ನಂಬರೂ ಬಾಜೂಕ ಬರೂ ಹಂಗ ಮಾಡಪಾ” ಅಂದರು. ಪದ್ಯ ಎಲ್ಲಿ ಮುಗಿಯಿತು ಅಂತ ಎಡಿಟರಿಗೆ ಗೊತ್ತಾಗೋದಿಲ್ಲ ಸರ, ನೀವೇ ಗುರುತು ಹಾಕಬೇಕು ಅಂದೆ. ಅವರು ಆಗಲೇ ಒಂದನೇ ಪದ್ಯದ ಕೊನೆಗೆ ಎರಡು ದಂಡ ಹಾಕುತ್ತ ಕೂತಿದ್ದರು.