ಪೇಪರಿನ ಹಿಂದಿನ ಪುಟ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಭಾವ ಕನ್ನಡ ಪೇಪರ್ ಬಿಡಿಸುವುದೇ ಹಿಂದಿನ ಪುಟದಿಂದ. ಯಾರು ತೀರಿಕೊಂಡರು, ಉತ್ತರಕ್ರಿಯೆ ಎಲ್ಲಿ, ಮಾಟುಂಗದಲ್ಲಿ ಯಕ್ಷಗಾನ ಯಾವತ್ತು... ಮನೆಮಂದಿಯ ಭಾನುವಾರ ತೀರ್ಮಾನ ಆಗುವುದು ಅಲ್ಲೇ! ಸಂಪಾದಕೀಯ ಓದಿ ಅವರು ವೋಟು ಬದಲಿಸಿದ್ದನ್ನು ನಾನಂತೂ ಕಂಡಿಲ್ಲ.

ಹಾಗಂತ ಪೇಪರಿನ ಶಕ್ತಿ ಇಷ್ಟೇ ಅನ್ನುವ ಹಾಗಿಲ್ಲ. 1908ರಲ್ಲಿ ಪುಣೆಯ ‘ಕೇಸರಿ’ ಪತ್ರಿಕೆಯಲ್ಲಿ ಬಂದ ಲೇಖನಗಳಿಗಾಗಿ ತಿಲಕರಿಗೆ 6 ವರ್ಷ ಶಿಕ್ಷೆ ಆಯಿತು. ಅದನ್ನು ವಿರೋಧಿಸಿ ಇದೇ ಮುಂಬೈಯ ಗಿರಣಿ ಕಾರ್ಮಿಕರು ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದು ದಿನದಂತೆ 6 ದಿನ ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಜನರಿಗೆ ಓದಲು ಬರುತ್ತಿರಲಿಲ್ಲ. ಆ ಕಾಲದಲ್ಲಿ ಒಬ್ಬರು ಜೋರಾಗಿ ಓದಿದರೆ ಸುತ್ತ ಕೂತವರು ಕೇಳುತ್ತಿದ್ದರು, ಅಲ್ಲೇ ವಾದಕ್ಕೂ ಇಳಿಯುತ್ತಿದ್ದರು. ಈಗ ಲೋಕಲ್ ರೈಲಿನಲ್ಲಿ ಎಲ್ಲರೂ ತಮ್ಮ ಪಾಡಿಗೆ ಮೊಬೈಲ್ ನೋಡಿಕೊಂಡು ಸುಮ್ನೆ ಸಿಟ್ಟಾಗುತ್ತೇವೆ, ಅಲ್ವಾ?