ಬಾಗಿಲು ಪೂರ್ತಿ ತೆರೆಯಿತು

ಇವತ್ತು ಹಳೇ ಪೇಪರಿನವರಿಗೆ 11 ಕೆಜಿ ಪೇಪರ್ ಹಾಕಿದೆ. ಇದರಲ್ಲೇನು ವಿಶೇಷ ಅನ್ನಿಸಬಹುದು. ನನಗೆ ಮಾತ್ರ ಬೆಳಗ್ಗೆಯಿಂದ ಎದೆ ಡವಡವ.

ನಮ್ಮ ಮನೆಯ ಚಿಕ್ಕ ರೂಮಿನ ಬಾಗಿಲು ಆರು ವರ್ಷದಿಂದ ಅರ್ಧವೇ ತೆರೆಯುತ್ತಿತ್ತು. ಒಳಗೆ ಸ್ವೀಟ್ ಡಬ್ಬಗಳು, ಮದುವೆ ಪತ್ರಿಕೆಗಳು, ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸುಗಳು, ಕೆಟ್ಟುಹೋದ ಮೂರು ಮಿಕ್ಸಿ. ‘ಇರಲಿ, ಯಾವತ್ತಾದರೂ ಬೇಕಾಗುತ್ತೆ.’ ಅಮ್ಮ ಕೂಡ ಹಾಲಿನ ಕವರ್ ತೊಳೆದು ಒಣಗಿಸಿ ಇಡುತ್ತಿದ್ದರು. ಆದರೆ ತಿಂಗಳಿಗೊಮ್ಮೆ ಮಾರುತ್ತಿದ್ದರು. ನಾನು ಮಾರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಒಂದು ಆಯುಧಪೂಜೆಗೆ ನಾನಿಲ್ಲದಾಗ ಮಗಳು ಎಲ್ಲ ಎತ್ತಿ ಹೊರಗೆ ಹಾಕಿದ್ದಳು. ರಾತ್ರಿ ಟಾರ್ಚ್ ಹಿಡಿದು ಹೋಗಿ ಅರ್ಧ ವಾಪಸ್ ತಂದೆ. ಅವಳ ಜೊತೆ ವಾರ ಮಾತಿಲ್ಲ. ಪಾಪ, ಅವಳದ್ದೇನು ತಪ್ಪು?

ಆಮೇಲೆ ಡಾಕ್ಟರ್ ಹೇಳಿದರು, ಹೀಗೆ ಏನನ್ನೂ ಬಿಡಲಾಗದೆ ಕೂಡಿಡುವುದು ಜಿಪುಣತನವೂ ಅಲ್ಲ, ಸೋಮಾರಿತನವೂ ಅಲ್ಲ, ಕಾಯಿಲೆ. ಮೊದಲು ಇದನ್ನು ಗೀಳು ಕಾಯಿಲೆಯ (ಬೇಡವೆಂದರೂ ಒಂದೇ ಯೋಚನೆ ಮತ್ತೆ ಮತ್ತೆ ಕಾಡುವ ಒಸಿಡಿ) ಒಂದು ಭಾಗ ಎಂದೇ ನೋಡುತ್ತಿದ್ದರಂತೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ‘ಹೋರ್ಡಿಂಗ್ ಡಿಸಾರ್ಡರ್’ (ಕೂಡಿಡುವ ಕಾಯಿಲೆ) ಎಂದು ಬೇರೆ ಹೆಸರು ಸಿಕ್ಕಿತು. ಹೆಸರು ಸಿಕ್ಕಿದ್ದಕ್ಕೇ ಅರ್ಧ ಹಗುರಾದೆ ನಾನು.

ಚಿಕಿತ್ಸೆ ಅಂದರೆ ಸುಮ್ನೆ ಬಿಸಾಡುವುದಲ್ಲ. ಒಂದೊಂದೇ ವಸ್ತು ಕೈಗೆತ್ತಿಕೊಂಡು ನಾನೇ ತೀರ್ಮಾನ ಮಾಡಬೇಕು. ಆಗ ಹೊಟ್ಟೆಯಲ್ಲಿ ಏಳುವ ಸಂಕಟ ತಾನಾಗಿ ಇಳಿಯುವ ತನಕ ಕೂತಿರಬೇಕು. ಹೊಸದನ್ನು ಮನೆಗೆ ತರದೇ ಇರುವುದು ಇನ್ನೂ ಜಾಸ್ತಿ ಕಷ್ಟ.

ಮುಂದಿನ ವಾರ ಮಿಕ್ಸಿಗಳ ಸರದಿ. ಎರಡು ಮಾತ್ರ. ಮೂರನೆಯದರ ಜಾರ್ ಚೆನ್ನಾಗೇ ಇದೆ, ಅಲ್ವಾ?