ವ್ಯಾಲರಂಟ್ ಡೈರಿ: ಹತ್ತು ವಾರ, ಒಂದು ನೋಟ್‌ಬುಕ್

ಮೂವತ್ತಾರನೇ ವಯಸ್ಸಿನಲ್ಲಿ ಶೂಟಿಂಗ್ ಆಟ ಕಲಿಯಲು ಕೂತಿದ್ದು ಅಕ್ಕನ ಮಗನ ಕಾಟ ತಾಳಲಾರದೆ. ವ್ಯಾಲರಂಟ್ ಬಂದದ್ದು 2020ರಲ್ಲಿ. ಅವನು ಆಗಿನಿಂದ ಆಡುತ್ತಿದ್ದಾನೆ, ನಾನು ಈ ಮಳೆಗಾಲದಲ್ಲಿ ಶುರು ಮಾಡಿದೆ. ಐದು ಜನರ ಎದುರು ಐದು ಜನ. ಒಂದು ತಂಡ ಸ್ಪೈಕ್ ಅನ್ನೋ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. 12 ರೌಂಡ್ ಆದಮೇಲೆ ಪಾಳಿ ಬದಲು, ಮೊದಲು 13 ಗೆದ್ದವರದ್ದು ಆಟ. ಇಷ್ಟೇ ತಾನೇ ಅಂದುಕೊಂಡಿದ್ದೆ.

ವಾರ 1–3

ಸತ್ತೆ. ಮತ್ತೆ ಸತ್ತೆ. ಮೌಸ್ ಎಷ್ಟು ಚುರುಕಾಗಿ ಇಟ್ಟಿದ್ದೆ ಅಂದರೆ ಬೆರಳು ಅಲುಗಿದರೆ ಸಾಕು, ಗೋಡೆ ನೋಡುತ್ತಿದ್ದವನು ಹಿಂದಕ್ಕೆ ತಿರುಗಿರುತ್ತಿದ್ದೆ. ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿದ ಮೇಲೆ ಸ್ವಲ್ಪ ಪರವಾಗಿಲ್ಲ. ರ‍್ಯಾಂಕ್ ಆಟಕ್ಕೆ ಖಾತೆ 20ನೇ ಲೆವೆಲ್ ಮುಟ್ಟಬೇಕು, ಹಾಗಾಗಿ ಅಲ್ಲಿಯವರೆಗೆ ಸುಮ್ನೆ ಆಡಿದೆ.

ವಾರ 4

ಐರನ್ 2. ಕೆಳಗಿನಿಂದ ಎರಡನೇ ಮೆಟ್ಟಿಲು. ಗುರಿ ಸರಿಯಿಲ್ಲ ಅನ್ನೋದು ನನ್ನ ನಂಬಿಕೆ, ದಿನಾ ಅರ್ಧ ಗಂಟೆ ಅಭ್ಯಾಸದ ರೇಂಜ್‌ನಲ್ಲಿ ಬೊಂಬೆಗಳಿಗೆ ಹೊಡೆಯುತ್ತಿದ್ದೆ. ಹುಡುಗ ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದ. "ಮಾವ, ನೀನು ನೆಲ ನೋಡ್ಕೊಂಡು ಓಡಾಡ್ತೀಯ, ಚಿಲ್ಲರೆ ಬಿದ್ದಿದೆಯಾ?" ಅಂದ. ನಿಜ. ಗುರಿಯ ಗುರುತು ಯಾವಾಗಲೂ ಎದುರಾಳಿಯ ತಲೆ ಬರುವ ಎತ್ತರದಲ್ಲಿ ಇರಬೇಕು. ವ್ಯಾಂಡಲ್ ಬಂದೂಕಿನ ಒಂದು ಗುಂಡು ತಲೆಗೆ ಬಿದ್ದರೆ ಎಷ್ಟು ದೂರದಿಂದಾದರೂ ಆಸಾಮಿ ಔಟ್. ನಾನೋ, ಮೊಣಕಾಲಿನಿಂದ ಶುರು ಮಾಡಿ ಮೇಲೆ ಬರುವಷ್ಟರಲ್ಲಿ ಅವನು ಹೊಡೆದು ಮುಗಿಸಿರುತ್ತಿದ್ದ.

ಅವತ್ತಿನಿಂದ ನೋಟ್‌ಬುಕ್ ಇಟ್ಟೆ. ಸತ್ತಾಗಲೆಲ್ಲ ಕಾರಣ ಒಂದೇ ಸಾಲಿನಲ್ಲಿ ಬರೆಯುವುದು. ಮುಂದಿನ ರೌಂಡ್ ಬರುವವರೆಗೆ ಹೇಗೂ ಕೆಲಸ ಇರಲ್ಲ ಅಲ್ವಾ?

ವಾರ 5–6

ನೋಟ್‌ಬುಕ್ ಮಾನ ಕಳೆಯಿತು. "ಅವನು ನನಗಿಂತ ಚೆನ್ನಾಗಿ ಹೊಡೆದ" ಅನ್ನೋ ಸಾಲು ಅಲ್ಲೊಂದು ಇಲ್ಲೊಂದು. ಪುಟ ತುಂಬಾ ಇದ್ದದ್ದು ಎರಡೇ: "ಓಡುತ್ತಾ ಹೊಡೆದೆ", "ಒಬ್ಬನೇ ಹೋದೆ".

ಓಡುವಾಗ ಗುಂಡು ಎಲ್ಲೆಲ್ಲೋ ಹಾರುತ್ತದೆ, ನಿಂತು ಹೊಡೆಯಬೇಕು. ಇದು ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಓಡಿದರೆ ಹೆಜ್ಜೆ ಸದ್ದು ಬೇರೆ ಕೇಳುತ್ತದೆ. ಶಿಫ್ಟ್ ಒತ್ತಿ ನಡೆದರೆ ಸದ್ದಿಲ್ಲ. ನಾನು ಮಾತ್ರ ಸಂತೆಗೆ ಹೊರಟವನ ಹಾಗೆ ದಡಬಡ ಹೋಗುತ್ತಿದ್ದೆ.

"ಒಬ್ಬನೇ ಹೋದೆ" ಸರಿಯಾಗಲು ಜಾಸ್ತಿ ದಿನ ಹಿಡಿಯಿತು. ಯಾಕೆಂದರೆ ಅದು ದುಡ್ಡಿನಲ್ಲೂ ಇತ್ತು. ಮೊದಲ ರೌಂಡಿಗೆ ಎಲ್ಲರಿಗೂ 800 ಕ್ರೆಡಿಟ್, ಅಂದರೆ ಬಂದೂಕು ಕೊಳ್ಳುವ ಆಟದ ದುಡ್ಡು. ಅದನ್ನು ಖರ್ಚು ಮಾಡಿ ಸೋತರೆ 1900 ಸಿಗುತ್ತದೆ. ವ್ಯಾಂಡಲ್ 2900, ದೊಡ್ಡ ಶೀಲ್ಡ್ 1000, ಒಟ್ಟು 3900 ಬೇಕು. ಆ 1900 ಮುಟ್ಟದೆ ಇಟ್ಟರೆ, ಮತ್ತೆ ಸೋತರೂ 2400 ಸೇರಿ 4300 ಆಗುತ್ತದೆ. ಐದೂ ಜನರ ಕೈಯಲ್ಲಿ ಒಳ್ಳೆ ಬಂದೂಕು. ನಾನು ಏನು ಮಾಡುತ್ತಿದ್ದೆ? ಎಲ್ಲರೂ ಉಳಿಸುವಾಗ 1600 ಕೊಟ್ಟು ಸ್ಪೆಕ್ಟರ್ ಅನ್ನೋ ಬಂದೂಕು ತಗೊಂಡು ವೀರನ ಹಾಗೆ ನುಗ್ಗಿ ಸಾಯುತ್ತಿದ್ದೆ. ಮುಂದಿನ ರೌಂಡಿಗೆ ಕೈಯಲ್ಲಿ 2700, ವ್ಯಾಂಡಲ್ಲೂ ಬರಲ್ಲ. ಮನೆಯಲ್ಲಿ ಒಬ್ಬ ದುಂದು ಮಾಡಿದರೆ ಉಳಿದವರ ಹಬ್ಬವೂ ಕೆಡುತ್ತದಲ್ಲ, ಹಾಗೆ. ಈಗ ಖರೀದಿಗೆ ಮೊದಲು ಉಳಿದ ನಾಲ್ವರ ದುಡ್ಡು ನೋಡುತ್ತೇನೆ.

ವಾರ 7

ಏಜೆಂಟ್, ಅಂದರೆ ಆಡುವ ಪಾತ್ರ, ಬದಲಾಯಿಸಿದೆ. ಜೆಟ್ ಅನ್ನೋ ಪಾತ್ರ ಹಿಡಿದು ಮುಂದೆ ಹಾರುವ ವಯಸ್ಸು ನನ್ನದಲ್ಲ. ಬ್ರಿಮ್‌ಸ್ಟೋನ್ ತಗೊಂಡೆ. ಗಡ್ಡದ ಮುದುಕ, ಕೈಯಲ್ಲಿನ ಮ್ಯಾಪ್ ನೋಡಿ ಆಕಾಶದಿಂದ ಹೊಗೆ ಇಳಿಸುತ್ತಾನೆ. ಆ ಹೊಗೆ ಸುಮಾರು 19 ಸೆಕೆಂಡ್ ಇರುತ್ತದೆ, ಅಷ್ಟರಲ್ಲಿ ನಮ್ಮವರು ದಾಟಬೇಕು. ಹಾಗಾಗಿ ಬಾಯಿ ಬಿಡಲೇಬೇಕು. ಮೈಸೂರಿನಿಂದ ಮುಂಬೈ ಸರ್ವರ್‌ಗೆ ಸೇರಿದರೆ ಮೈಕ್‌ನಲ್ಲಿ ಹಿಂದಿಯದೇ ರಾಜ್ಯ. ನನ್ನ ಹಿಂದಿ ಆಟೋ ಹತ್ತುವಷ್ಟು ಮಾತ್ರ, ಅದಕ್ಕೆ ಆರು ವಾರ ಮೈಕ್ ಮುಚ್ಚಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ವಾಕ್ಯ ಯಾರಿಗೂ ಬೇಡ. "ಬಿ ಮೇನ್ ಎರಡು" ಅನ್ನೋದಕ್ಕೆ ಎಷ್ಟು ಹಿಂದಿ ಬೇಕು? ಜಾಗದ ಹೆಸರು, ತಲೆ ಲೆಕ್ಕ, ಅಷ್ಟೇ. ಒಮ್ಮೆ ಗಾಬರಿಯಲ್ಲಿ "ಹಿಂದೆ ಬಂದ, ಹಿಂದೆ!" ಅಂತ ಕನ್ನಡದಲ್ಲೇ ಕೂಗಿದೆ. ಮೂವರು ಸುಮ್ಮನೆ ನಿಂತರು. ನಾಲ್ಕನೆಯವನು ತಿರುಗಿ ಹೊಡೆದ, ಆಮೇಲೆ "ಯಾವೂರು ಗುರು?" ಅಂದ. ಧಾರವಾಡದವನಂತೆ.

ವಾರ 8–9

ಇಂಟರ್ನೆಟ್ ಕೈಕೊಟ್ಟಿತು. ಆಟ ಕಡಿಮೆ.

ವಾರ 10

ಅಸೆಂಟ್ ಮ್ಯಾಪ್, 12–9. ಬಿ ಸೈಟ್‌ನಲ್ಲಿ (ಸ್ಪೈಕ್ ಇಡುವ ಜಾಗಕ್ಕೆ ಸೈಟ್ ಅನ್ನುತ್ತಾರೆ) ನಾವು ಸ್ಪೈಕ್ ಇಟ್ಟಾಗಿದೆ, ನಮ್ಮ ಕಡೆ ಉಳಿದವನು ನಾನೊಬ್ಬ, ಆ ಕಡೆ ಇಬ್ಬರು. ಸ್ಪೈಕ್ ಸಿಡಿಯಲು 45 ಸೆಕೆಂಡ್ ಬೇಕು, ಅವರು ಅದನ್ನು ಕೆಡಿಸಿ ತೆಗೆಯಲು 7. ಅರ್ಧ ತೆಗೆದು ಬಿಟ್ಟರೆ ಆ ಅರ್ಧ ಹಾಗೇ ಉಳಿಯುತ್ತದೆ. ನಾನು ದೂರದ ಗೋಡೆ ಹಿಂದೆ, ಕೈಯಲ್ಲಿ ಬೆಂಕಿ ಡಬ್ಬಿ ಒಂದು. ಸ್ಪೈಕ್ ಮುಟ್ಟಿದ ಸದ್ದು ಬಂತು, ತಕ್ಷಣ ನಿಂತಿತು. ಮೊದಲಾಗಿದ್ದರೆ ಓಡಿಹೋಗಿ ಸಾಯುತ್ತಿದ್ದೆ. ಅದು ನನ್ನನ್ನು ಹೊರಗೆಳೆಯಲು ಹಾಕಿದ ಗಾಳ. ಕೂತೆ. ಮತ್ತೆ ಸದ್ದು, ಈ ಸಲ ನಿಲ್ಲಲಿಲ್ಲ. ಒಂದು, ಎರಡು ಎಣಿಸಿ ಬೆಂಕಿ ಎಸೆದೆ. ಅವನು ಬಿಟ್ಟು ಓಡಿದ. ಬೆಂಕಿ ಆರುವಷ್ಟರಲ್ಲಿ ಅವರಿಗೆ ಟೈಮ್ ಉಳಿದಿರಲಿಲ್ಲ.

13–9. ಆ ರೌಂಡಿನಲ್ಲಿ ನಾನು ಒಬ್ಬರನ್ನೂ ಹೊಡೆದಿಲ್ಲ. ಪೂರ್ತಿ ಆಟದಲ್ಲಿ ಹೊಡೆದದ್ದು 6, ಸತ್ತದ್ದು 17, ಪಟ್ಟಿಯಲ್ಲಿ ಕೊನೆ ಹೆಸರು. ರ‍್ಯಾಂಕ್ ಬ್ರಾಂಜ್ 1 ಆಯಿತು, ಐರನ್ 2ಕ್ಕಿಂತ ಎರಡು ಮೆಟ್ಟಿಲು ಮೇಲೆ. ಹುಡುಗನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "17 ಸಲ ಯಾಕೆ ಸತ್ತೆ, ನೋಟ್‌ಬುಕ್ ತೋರ್ಸು" ಅಂದ.

ಮುಂದಿನ ವಾರ ಹೇವನ್ ಮ್ಯಾಪ್. ಅಲ್ಲಿ ಸೈಟ್ ಮೂರು, ನನ್ನ ಹೊಗೆಯೂ ಮೂರೇ.